ಇಪ್ಪತ್ತೇಳನೆಯ ಉತ್ತರ

ಇಪ್ಪತ್ತಾರು ಜನ ನಕ್ಕಿದ್ದರು. ಇಪ್ಪತ್ತೇಳನೆಯವಳು ನಗಲಿಲ್ಲ. ಡೊಂಬಿವಲಿಯಿಂದ ಹೊರಟ ಆರು ಇಪ್ಪತ್ತರ ಮುಂಬೈ ಲೋಕಲ್‌ನಲ್ಲಿ, ಯಾರದೋ ಡಬ್ಬಿಯ ಚೀಲ ಪಕ್ಕೆಲುಬಿಗೆ ಒತ್ತುತ್ತಿರುವಾಗ, ಅಂಬಾರಾಯ ಆ ನಗದವಳ ಮೇಲೆ ಹಲ್ಲು ಕಡಿಯುತ್ತಿದ್ದ. ಅವಳ ಹೆಸರು ಜ್ಯೋತ್ಸ್ನಾ ಎಂಬುದು ಗೊತ್ತು, ಸಾನಪಾಡಾದವಳು ಎಂಬುದು ಗೊತ್ತು, ಉಳಿದಂತೆ ಮುಖವನ್ನೂ ನೋಡಿದವನಲ್ಲ. ಇಪ್ಪತ್ತಾರು ಜನ ಹೊಟ್ಟೆ ಹಿಡಿದುಕೊಂಡು ನಕ್ಕ ಅವನ ಮಾತಿಗೆ ಅವಳು ಒಂದೇ ಸಾಲು ಬರೆದಿದ್ದಳು: ಸರಿ, ಆಮೇಲೆ ಬೈಗುಳ ತಿಂದವರು ಯಾರು? ಇವಳಿಗೇನು ಬಂತು ರೋಗ. ನಿನ್ನೆ ಬೆಳಿಗ್ಗೆ ಆಫೀಸಿಗೆ ಹೋದವನೇ ಚಹಾ ಕೂಡ ಕುಡಿಯದೆ ಅವಳಿಗೆ ಉತ್ತರ ಕುಟ್ಟಿದ್ದ. ನಗಲಿಕ್ಕೆ ಬಾರದವರು ಕಟ್ಟೆಗೆ ಬರಬಾರದು, ಮನೆಯಲ್ಲಿ ಕೂತು ಹಪ್ಪಳ ಲಟ್ಟಿಸಬೇಕು ಎಂದು ಬರೆದಿದ್ದ. ಬರೆದ ಮೇಲೆ ಅದನ್ನು ತಿರುಗಿ ಓದಲಿಲ್ಲ. ಸಿಟ್ಟಿನಲ್ಲಿ ಬರೆದದ್ದನ್ನು ತಿರುಗಿ ಓದುವ ಜಾತಿಯವನೇ ಅಲ್ಲ ಅವನು.

ಕಟ್ಟೆ ಎಂದರೆ ಠಾಣೆಯ ನೌಪಾಡಾದ ಒಂದು ಮೂರನೇ ಮಹಡಿಯ ಮನೆಯಲ್ಲಿ, ದೇವರ ಕೋಣೆಯ ಪಕ್ಕದಲ್ಲಿ ಇಟ್ಟ ಒಂದು ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ ಒಂದು ಟೆಲಿಫೋನು. ಮನೆ ಕುಶಲನದು, ಉಡುಪಿ ಕಡೆಯವನು, ಒಂದು ಬ್ಯಾಂಕಿನಲ್ಲಿ ಡಾಟಾಬೇಸ್ ನೋಡಿಕೊಳ್ಳುವವನು. ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ಆ ಫೋನು ಕಂಪ್ಯೂಟರಿನದು, ಒಂಬತ್ತರ ನಂತರ ಕುಶಲನ ತಾಯಿಯದು. ಉಳಿದವರು ತಮ್ಮತಮ್ಮ ಕಂಪ್ಯೂಟರಿನಿಂದ ಆ ನಂಬರಿಗೆ ಫೋನ್ ಹಚ್ಚಬೇಕು, ಒಂದು ಸಲಕ್ಕೆ ಒಬ್ಬರೇ ಒಳಗೆ ಹೋಗಬಹುದು. ಫೋನನ್ನೂ ಕಂಪ್ಯೂಟರನ್ನೂ ಜೋಡಿಸುವ ಮೋಡೆಮ್ ಕಿರುಚಿ ಕಿರುಚಿ ಒಳಗೆ ಬಿಟ್ಟಮೇಲೆ ಹಿಂದಿನವರು ಬರೆದಿಟ್ಟು ಹೋದದ್ದನ್ನು ಓದಿ, ತನ್ನದನ್ನು ಬರೆದು, ಮುಂದಿನವರಿಗೆ ಜಾಗ ಬಿಟ್ಟು ಏಳಬೇಕು. ಒಂಬತ್ತು ದಾಟಿದ ಮೇಲೆ ತಿಳಿಯದೆ ಫೋನ್ ಹಚ್ಚಿದರೆ ಆ ತಾಯಿ ಎತ್ತಿಕೊಂಡು, ಮೋಡೆಮ್ಮಿನ ಕಿರುಚಾಟಕ್ಕೆ ಸಮಾಧಾನದಿಂದ, ಯಾರು ಮಾರಾಯ್ರೆ, ಸ್ವಲ್ಪ ಬಿಡಿಸಿ ಹೇಳಿ ಎನ್ನುತ್ತಿದ್ದರಂತೆ. ಕನ್ನಡದವರು ಅದನ್ನು ಕಟ್ಟೆ ಎಂದರು, ಮರಾಠಿಯವರು ಕಟ್ಟಾ ಎಂದರು, ಬರೆಯುವುದೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಬೈಗುಳಕ್ಕೆ ಮಾತ್ರ ಅವರವರ ಭಾಷೆ. ಸೇರಿದ ನಲವತ್ತು ಜನರೂ ಒಂದೇ ಕಸುಬಿನವರು. ಕಂಪನಿಗಳ ಲಕ್ಷಗಟ್ಟಲೆ ಹೆಸರು, ವಿಳಾಸ, ಸರಕು, ತಾರೀಕುಗಳನ್ನು ಪೆಟ್ಟಿಗೆಯೊಳಗೆ ಕಾಯುವವರು. ಕಾಯುವುದು ಸರಿಯಾಗಿ ನಡೆದರೆ ಅವರ ಹೆಸರನ್ನೂ ಕೇಳದ, ತಪ್ಪಿದರೆ ಹೆಸರು ಹಿಡಿದು ಕೂಗುವ ಕೆಲಸ. ಮನೆಯಲ್ಲಿ ಹೇಳಿದರೆ ಹೆಂಡತಿಗೆ ತಿಳಿಯದು, ಆಫೀಸಿನಲ್ಲಿ ಹೇಳಿದರೆ ಕುತ್ತಿಗೆಗೆ ಬರುತ್ತದೆ. ಅದಕ್ಕೇ ಕಟ್ಟೆ.

ಅಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಶುಕ್ರವಾರ ಯಾರಾದರೊಬ್ಬರು ತಾವು ಮಾಡಿದ ತಪ್ಪನ್ನು ಬರೆಯಬೇಕು. ಉಳಿದವರು ಪಾಪ ಎನ್ನಬಾರದು, ಬುದ್ಧಿ ಹೇಳಬಾರದು. ಅದಕ್ಕಿಂತ ದೊಡ್ಡ ತಪ್ಪು ತಮ್ಮದೊಂದನ್ನು ಹೇಳಬೇಕು. ಹೀಗಾಗಿ ಶುಕ್ರವಾರ ಮುಖ ಕೆಂಪಗೆ ಮಾಡಿಕೊಂಡು ಬರೆದವನು ಮಂಗಳವಾರದ ಹೊತ್ತಿಗೆ ಎಲ್ಲರಿಗಿಂತ ಜಾಣನಾಗಿ ಕಾಣುತ್ತಿದ್ದ. ಬೇಲಾಪುರದ ಹಡಗು ಕಂಪನಿಯ ದೇಜಪ್ಪ ಒಂದು ಸಲ ನಕಲು ಇಟ್ಟಿದ್ದ ಹಳೆಯ ಟೇಪಿನ ಪಟ್ಟಿಯನ್ನು ಹೊಸ ಪಟ್ಟಿಯ ಮೇಲೆ ಹಾಕಿ, ಕೆಲಸ ಬಿಟ್ಟವರನ್ನೆಲ್ಲ ಮತ್ತೆ ಕೆಲಸಕ್ಕೆ ಸೇರಿಸಿದ್ದನಂತೆ. ಅವರಲ್ಲಿ ಇಬ್ಬರು ಸತ್ತವರು. ದೀಪಾವಳಿಗೆ ಅವರ ಮನೆಗೂ, ನಿಮ್ಮ ಈ ವರ್ಷದ ದುಡಿಮೆಗೆ ಧನ್ಯವಾದ ಎಂದು ಕಂಪನಿಯ ಪತ್ರ ಹೋಯಿತಂತೆ. ಕುಶಲನದು ಇನ್ನೊಂದು: 'ಟೆಸ್ಟ್' ಎಂಬ ಹೆಸರಿನ ಒಂದು ಟೇಬಲ್ಲು, ಎಂದರೆ ಮಾಹಿತಿಯ ಪಟ್ಟಿ, ಕಸದಂತೆ ಬಿದ್ದಿದೆ ಎಂದು ಗುಡಿಸಿ ಹಾಕಿದ. ಕಲ್ಯಾಣದ ಒಂದು ಶಾಖೆ ಇಡೀ ವರ್ಷ ಅದರಲ್ಲೇ ಕೆಲಸ ಮಾಡಿತ್ತು. ಇವನ್ನು ಓದಿ ಅಂಬಾರಾಯ ಬೆಳಿಗ್ಗೆ ಏಳೂವರೆಗೆ, ಖಾಲಿ ಆಫೀಸಿನಲ್ಲಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದ. ಹಾಗೆ ನಗುವುದು ಅವನಿಗೆ ಊರಿನ ಶಾಲೆಯ ನಂತರ ತಪ್ಪಿಹೋಗಿತ್ತು. ಅಫಜಲಪುರದ ಕಡೆಯ ಆ ಶಾಲೆಯಲ್ಲಿ, ಒಂದೇ ಕೋಣೆಯಲ್ಲಿ ನಾಲ್ಕು ವರ್ಗ, ಪಾಠ ತಪ್ಪಿದವನನ್ನು ಮಾಸ್ತರು ಬೆಂಚಿನ ಮೇಲೆ ನಿಲ್ಲಿಸಿದರೆ ಉಳಿದವರೂ ಬೇಕೆಂದೇ ತಪ್ಪು ಹೇಳಿ ಒಬ್ಬೊಬ್ಬರಾಗಿ ಬೆಂಚು ಹತ್ತುತ್ತಿದ್ದರು. ನಿಲ್ಲಿಸಲು ಬೆಂಚೇ ಉಳಿಯುತ್ತಿರಲಿಲ್ಲ. ನಾಗವೇಣಿ ಮಾತ್ರ, ಗಂಡ ಇಷ್ಟು ಬೇಗ ಹೋಗುವುದು ಕಂಪನಿಯ ಮೇಲಿನ ನಿಷ್ಠೆಯಿಂದ ಎಂದು ನಂಬಿ ಐದಕ್ಕೇ ಎದ್ದು ರೊಟ್ಟಿ ತಟ್ಟುತ್ತಿದ್ದಳು.

ಅಂಬಾರಾಯನದು ಹೀಗಿತ್ತು, ಎಂಟು ದಿನದ ಹಿಂದಿನ ಶುಕ್ರವಾರ ಅವನು ಬರೆದದ್ದು. ಅಂಗಡಿ ಮುಚ್ಚಿದ ಒಬ್ಬ ಔಷಧದ ವ್ಯಾಪಾರಿಯ ಹೆಸರನ್ನು ಕಂಪನಿಯ ಪಟ್ಟಿಯಿಂದ ತೆಗೆಯಬೇಕಾಗಿತ್ತು. ತೆಗೆ ಎಂದು ಬರೆದ. ಯಾವುದನ್ನು ತೆಗೆಯಬೇಕು ಎಂಬ ಸಾಲು ಬರೆಯುವ ಮೊದಲೇ ಬೆರಳು ಬಟನ್ ಒತ್ತಿತು. ಯಾವುದನ್ನು ಎಂದು ಹೇಳದಿದ್ದರೆ ಕಂಪ್ಯೂಟರು ಎಲ್ಲವನ್ನೂ ತೆಗೆಯುತ್ತದೆ. ಹನ್ನೊಂದು ಸಾವಿರ ವ್ಯಾಪಾರಿಗಳು, ಗೋವೆಯಿಂದ ನಾಗಪುರದವರೆಗೆ, ಒಂದು ಉಸಿರಿಗೆ ಇಲ್ಲ. ಆಗಲೂ ಹಿಂದಕ್ಕೆ ತೆಗೆದುಕೊಳ್ಳಲು ದಾರಿ ಇತ್ತು, ಆದರೆ ಹದಿನೈದು ವರ್ಷದ ರೂಢಿಯ ಬೆರಳು, ಖಾಯಂ ಮಾಡು ಎಂಬ ಆಜ್ಞೆಯನ್ನೂ ಅದೇ ಓಟದಲ್ಲಿ ಕೊಟ್ಟುಬಿಟ್ಟಿತ್ತು. ಇದನ್ನು ಅವನು ಕಟ್ಟೆಯಲ್ಲಿ ಬರೆದ ರೀತಿಯೇ ಬೇರೆ. ನನ್ನ ಬಲಗೈಯ ಕಿರುಬೆರಳಿಗೆ ಕಂಪನಿ ಬೇರೆ ಪಗಾರ ಕೊಡಬೇಕು, ಅದು ನನ್ನ ಕೈಕೆಳಗೆ ಕೆಲಸ ಮಾಡುವುದಿಲ್ಲ ಎಂದು ಶುರುಮಾಡಿ, ಹನ್ನೊಂದು ಸಾವಿರ ಜನ ಒಮ್ಮೆಗೇ ವ್ಯಾಪಾರ ಬಿಟ್ಟು ಸನ್ಯಾಸ ತೆಗೆದುಕೊಂಡರು ಎಂದು ಮುಗಿಸಿದ್ದ. ದೇಜಪ್ಪ ಅದಕ್ಕೆ, ಆ ಬೆರಳಿಗೆ ಒಂದು ಹೂವಿನ ಹಾರ ಕಳಿಸುತ್ತೇನೆ ಎಂದಿದ್ದ. ವರ್ಷದ ಅತ್ಯುತ್ತಮ ತಪ್ಪು ಇದೇ ಎಂದು ಕುಶಲ ಘೋಷಿಸಿದ್ದ.

ಬರೆಯದೆ ಬಿಟ್ಟದ್ದು ಇಷ್ಟು. ಆ ದಿನ ಅವನ ಟರ್ಮಿನಲ್ ಕೆಟ್ಟಿತ್ತು. ಅವನ ಕೈಕೆಳಗೆ ಟೈಪ್ ಮಾಡುವ ಹುಡುಗಿ ಮರೆಮ್ಮ ಊಟಕ್ಕೆ ಹೋಗಿದ್ದಳು. ಅವಳ ಜಾಗದಲ್ಲಿ, ಅವಳ ಹೆಸರಿನಲ್ಲಿ ತೆರೆದಿದ್ದ ಪರದೆಯ ಮುಂದೆ, ಎರಡು ನಿಮಿಷದ ಕೆಲಸ ಎಂದು ಅವನು ಕೂತಿದ್ದ. ಯಾರು ಏನು ಮಾಡಿದರೆಂದು ಕಂಪ್ಯೂಟರು ಒಳಗೇ ಬರೆದಿಟ್ಟುಕೊಳ್ಳುವ ದಾಖಲೆಯಲ್ಲಿ ಒಂದು ಗಂಟೆ ಹದಿನಾಲ್ಕು ನಿಮಿಷಕ್ಕೆ ಮರೆಮ್ಮನ ಹೆಸರು ಇತ್ತು. ಮ್ಯಾನೇಜರ್ ಪಾಟಣಕರ್ ಆ ಹಾಳೆಯನ್ನು ಮುದ್ರಿಸಿ ತರಿಸಿ, ಹೆಸರಿನ ಕೆಳಗೆ ಕೆಂಪು ಗೆರೆ ಎಳೆದ. ನಾನು ಮಾಡಿಲ್ಲ ಎಂದಳು ಅವಳು. ಹಾಗಾದರೆ ಭೂತ ಬಂದು ಮಾಡಿತೇನು ಎಂದು ಪಾಟಣಕರ್ ಕೇಳಿದಾಗ ಇಡೀ ಆಫೀಸು ನಕ್ಕಿತ್ತು. ಅಂಬಾರಾಯ ಆಗ ಟೇಪಿನಿಂದ ಒಂಬತ್ತು ದಿನ ಹಳೆಯ ಪಟ್ಟಿಯನ್ನು ವಾಪಸು ತರುವ ಗಡಿಬಿಡಿಯಲ್ಲಿದ್ದ, ತಲೆ ಎತ್ತಲಿಲ್ಲ. ಈಗ ಹೇಳಿದರೆ ಕೆಲಸ ನಿಲ್ಲುತ್ತದೆ, ಸಂಜೆ ಹೇಳಿದರಾಯಿತು ಎಂದುಕೊಂಡ. ಸಂಜೆ ಪಾಟಣಕರ್ ಬೇಗ ಹೋಗಿದ್ದ. ಮರುದಿನ, ವಿಚಾರಣೆಯಾಗುವವರೆಗೆ ಬರಬೇಡ ಎಂದು ಅವಳನ್ನು ಮನೆಗೆ ಕಳಿಸಿ ಆಗಿತ್ತು, ಶನಿವಾರ ದಾಟಿತು, ಇನ್ನೊಂದು ಶನಿವಾರ ದಾಟಿತು. ಹೇಳದೇ ಇದ್ದ ಮಾತು ದಿನದಿನಕ್ಕೆ ದಪ್ಪವಾಗುತ್ತ ಹೋಗಿ ಗಂಟಲಿಗಿಂತ ದೊಡ್ಡದಾಯಿತು. ಇವತ್ತು ಮೂರನೆಯ ಶನಿವಾರ, ಹನ್ನೊಂದಕ್ಕೆ ಅವಳ ವಿಚಾರಣೆ. ದಾಖಲೆ ಸರಿಯಿದೆ ಎಂದು ಅವನು ಒಂದು ಸಹಿ ಹಾಕಬೇಕು. ಹಾಕಿದರೆ ಅವಳ ಕೆಲಸ ಹೋಗುತ್ತದೆ, ಬೇರೆ ಕಡೆ ಸಿಗುವುದೂ ಹೋಗುತ್ತದೆ.

ಠಾಣೆಯಲ್ಲಿ ಇಳಿದು ಬೇಲಾಪುರ ರಸ್ತೆಯ ಬಸ್ಸು ಹಿಡಿದ. ದಿಘಾ ದಾಟಿದ ಮೇಲೆ ಕಾರ್ಖಾನೆಗಳ ಆ ಕೊಳೆತ ಮೊಟ್ಟೆಯ ವಾಸನೆ ಕಿಟಕಿಯೊಳಗೆ ಬಂದು ಕೂತಿತು. ಈ ಕೆಲಸಕ್ಕೆ ಅವಳನ್ನು ಹಚ್ಚಿದವನೇ ಅವನು. ಮರೆಮ್ಮನ ತಾಯಿ ಬಾಲಮ್ಮ ಕೋಪರಖೈರಣೆಯ ಕಟ್ಟಡಗಳಲ್ಲಿ ಇಟ್ಟಂಗಿ ಹೊರುವವಳು, ರಾಯಚೂರಿನ ಕಡೆಯವಳು. ಮಗಳು ಮುನಿಸಿಪಾಲಿಟಿ ಶಾಲೆ ಮುಗಿಸಿ, ಟೈಪಿಂಗ್ ಕಲಿತು, ನಮ್ಮ ಕಡೆಯ ಸಾಹೇಬರು ಒಬ್ಬರಿದ್ದಾರೆ ಎಂದು ಕೇಳಿಕೊಂಡು ಬಂದಿದ್ದಳು. ಆಫೀಸಿನವರಿಗೆ ಮರೆಮ್ಮ ಎಂಬ ಹೆಸರು ಬಾಯಿಗೆ ಹೊರಳದೆ ಮೇರಿ ಎಂದರು. ಅವಳು ಮೇರಿಗೂ ಓ ಎನ್ನುತ್ತಿದ್ದಳು. ಹೋದ ರವಿವಾರ ಬಾಲಮ್ಮ ಡೊಂಬಿವಲಿಯ ಮನೆ ಹುಡುಕಿಕೊಂಡು ಬಂದಿದ್ದಳು, ಎರಡು ಬಸ್ಸು ಒಂದು ರೈಲು ಬದಲಿಸಿ. ಸೋಫಾದ ಮೇಲೆ ಕೂರಲು ಹೇಳಿದರೆ ನೆಲದ ಮೇಲೆ ಕೂತಳು. "ಯಣ್ಣಾ, ನನ್ ಮಗಳು ಸುಳ್ಳು ಹೇಳಾಕಿ ಅಲ್ಲ. ನೀವು ದೊಡ್ಡವರಿದ್ದೀರಿ, ಒಂದ್ ಮಾತು ಹೇಳ್ರಿ" ಎಂದಳು. ನೋಡೂಣವ್ವ ಎಂದ ಅವನು. ನಾಗವೇಣಿ ಅವಳಿಗೆ ಅವಲಕ್ಕಿ ಹಚ್ಚಿ ಕೊಟ್ಟಳು, ಹೋಗುವಾಗ ಕುಂಕುಮ ಕೊಟ್ಟಳು, ಬಾಗಿಲು ಹಾಕಿಕೊಂಡ ಮೇಲೆ, ಪಾಪ, ನೀವಾದರೂ ಇದ್ದೀರಲ್ಲ ಅವರಿಗೆ ಎಂದಳು. ಅವನು ಚಟ್ನಿಯಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಅವಳ ಮೇಲೆ ಹರಿಹಾಯ್ದ. ಆ ಹೊತ್ತಿಗಾಗಲೇ ಕಟ್ಟೆಯಲ್ಲಿ ಒಂಬತ್ತು ಜನ ನಕ್ಕಾಗಿತ್ತು.

ವಿಚಿತ್ರವೆಂದರೆ, ಕಟ್ಟೆಯಲ್ಲಿ ಬರೆದ ಮೇಲೆ ಅವನಿಗೆ ಎದೆ ಹಗುರಾಗಿತ್ತು. ಒಪ್ಪಿಕೊಂಡೆನಲ್ಲ, ಇನ್ನೇನು ಎನ್ನಿಸಿತ್ತು. ಅಲ್ಲಿ ಅವನ ಹೆಸರು ತೊಗರಿ, ಮುಖ ಇಲ್ಲ, ಕಂಪನಿ ಇಲ್ಲ. ನಾನೇ ಮಾಡಿದ್ದು ಎಂಬ ಮಾತನ್ನು ನಲವತ್ತು ಜನರೆದುರು ಅಷ್ಟು ಸಲೀಸಾಗಿ ಹೇಳಿದ ಬಾಯಿ, ಹತ್ತು ಹೆಜ್ಜೆ ಆಚೆಗಿದ್ದ ಪಾಟಣಕರನ ಬಾಗಿಲಿಗೆ ಹೋದರೆ ನೀರು ಕೇಳಿ ಹೊರಗೆ ಬರುತ್ತಿತ್ತು.

ಏಳೂ ನಲವತ್ತಕ್ಕೆ ಆಫೀಸಿನಲ್ಲಿ ಕಸ ಗುಡಿಸುವ ಬಾಗಿ ಎಂಬವಳು ಒಬ್ಬಳೇ ಇದ್ದಳು. ಫೋನಿನ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ ನಂಬರು ಒತ್ತಿದ. ಎರಡು ಸಲ ಬಿಜಿ ಬಂತು, ಮೂರನೆಯ ಸಲ ಕಿರುಚಿತು. ಅವನ ಬೈಗುಳದ ಕೆಳಗೆ ನಕ್ಕವರು ಯಾರೂ ಏನೂ ಬರೆದಿರಲಿಲ್ಲ. ದಿನಾ ಹತ್ತು ಜನ ಹಾದುಹೋಗುವ ಕಟ್ಟೆಯಲ್ಲಿ ಎಲ್ಲರೂ ಓದಿ, ಸುಮ್ಮನೆ ಎದ್ದು ಹೋಗಿದ್ದರು. ಊಟದ ಪಂಕ್ತಿಯಲ್ಲಿ ಹೊಲಸು ಮಾತಾಡಿದವನ ಆಚೀಚೆಯವರು ಎಲೆಯನ್ನಷ್ಟೇ ನೋಡುವಂತೆ. ಕೊನೆಯಲ್ಲಿ ಒಂದೇ ಒಂದು ಪತ್ರ, ಜ್ಯೋತ್ಸ್ನಾಳದು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದಿದ್ದಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳನ್ನು ಅವನು ತುಟಿ ಅಲ್ಲಾಡಿಸಿ, ಮಾಸ್ತರರ ಮುಂದೆ ಓದುವಂತೆ ಓದಿದ.

"ತೊಗರಿಯವರೇ, ಹಪ್ಪಳ ಲಟ್ಟಿಸಲು ನನಗೆ ಬರುವುದಿಲ್ಲ, ಅಮ್ಮನನ್ನು ಕೇಳಿ ಬೇಕಾದರೆ. ಕಟ್ಟೆಯಲ್ಲಿ ಒಂದು ನಿಯಮ ಉಂಟಲ್ಲ, ಅದರ ಪ್ರಕಾರ ನನ್ನದು ಹೇಳುತ್ತೇನೆ. ತೊಂಬತ್ತೊಂದನೇ ಇಸವಿ. ನಮ್ಮ ವಿಮಾ ಕಂಪನಿಯ ಒಂದು ತಿಂಗಳ ಪಾಲಿಸಿಗಳನ್ನೆಲ್ಲ ಅಳಿಸಿದವಳು ನಾನು. ಪಾಳಿಯಲ್ಲಿ ಇದ್ದವನು ಚೆನ್ನಯ ಅಂತ ಒಬ್ಬ ಆಪರೇಟರ್. ಅವನನ್ನು ಕೇಳಿದರು. ನನ್ನನ್ನು ಯಾರೂ ಕೇಳಲಿಲ್ಲ, ನಾನು ಸುಳ್ಳು ಹೇಳಲಿಲ್ಲ, ಕೀಬೋರ್ಡ್ ನೋಡುತ್ತಾ ಕೂತೆ, ಅಷ್ಟೆ. ಅವನನ್ನು ತೆಗೆದರು. ಎರಡು ವರ್ಷ ಕಳೆದು ವಾಶಿ ಸ್ಟೇಷನ್ನಿನಲ್ಲಿ ಸಿಕ್ಕಿದ. ಮೇಡಂ ಚೆನ್ನಾಗಿದ್ದೀರಾ ಅಂತ ಅವನೇ ಕೇಳಿದ. ನನ್ನ ಚೀಲ ಹಿಡಿದುಕೊಂಡು ರೈಲಿಗೆ ಹತ್ತಿಸಿದ. ಅವನಿಗೆ ಇವತ್ತಿಗೂ ಗೊತ್ತಿಲ್ಲ. ಇದರಲ್ಲಿ ನಗು ಬರುವ ಹಾಗೆ ಬರೆಯಲು ಐದು ವರ್ಷದಿಂದ ನೋಡುತ್ತಿದ್ದೇನೆ, ಆಗುವುದಿಲ್ಲ. ನನ್ನದು ನಿಮ್ಮದಕ್ಕಿಂತ ದೊಡ್ಡದು ಅಂತ ಕಾಣುತ್ತದೆ. ಅಲ್ಲವಾದರೆ ತಿಳಿಸಿ."

ಗುಡಿಸುತ್ತ ಬಂದ ಬಾಗಿ, ಸರ್ ಪಾಯ್ ವರ್, ಕಾಲು ಮೇಲೆ ಎಂದಳು, ಅಂಬಾರಾಯ ಕಾಲೆತ್ತಿದ, ಅವಳು ಗುಡಿಸಿಕೊಂಡು ಹೋದಳು, ಕಾಲು ಇಳಿಸಲು ಮರೆತ. ಇವಳಿಗೆ ಹೇಗೆ ತಿಳಿಯಿತು ಎಂದು ಮೊದಲು ಸಿಟ್ಟೇ ಬಂತು. ಆಮೇಲೆ, ತಿಳಿಯದೆ ಏನು ಎನ್ನಿಸಿತು. ಇದೇ ಕಸುಬಿನವಳು. ಹನ್ನೊಂದು ಸಾವಿರ ಹೆಸರು ಹೋದರೆ ಯಾವುದೋ ಒಂದು ಹೆಸರಿನ ಕೆಳಗೆ ಕೆಂಪು ಗೆರೆ ಬಿದ್ದೇ ಬೀಳುತ್ತದೆ. ಗೊತ್ತಾಗಬೇಕಾದದ್ದು ಉಳಿದ ಇಪ್ಪತ್ತಾರು ಜನರಿಗೂ ಗೊತ್ತಿದ್ದಿರಬೇಕು. ತಮ್ಮತಮ್ಮ ಚೆನ್ನಯರನ್ನು ನೆನೆಯಲು ಯಾರಿಗೆ ಬೇಕು, ನಕ್ಕರು. ಅವಳಿಗೆ ಒಂದು ಉತ್ತರ ಬರೆಯಲು ಹೋದ. ಬೆರಳು ತಮಾಷೆಗೇ ಎಳೆಯಿತು. ಅಳಿಸಿದ. ಇನ್ನೊಂದು ಸಲ ಬರೆದ, ಅಳಿಸಿದ. ಹೊರಗೆ ಬೇರೆ ಯಾರೋ ಒಳಗೆ ಬರಲು ಕಾಯುತ್ತಿರುತ್ತಾರೆಂದು ನೆನಪಾಗಿ ಫೋನು ಕಡಿದ.

ಹನ್ನೊಂದಕ್ಕೆ ಪಾಟಣಕರನ ಕೋಣೆಯಲ್ಲಿ ಪಾಟಣಕರ್, ಹೆಡ್ ಆಫೀಸಿನಿಂದ ಬಂದ ಸಿಬ್ಬಂದಿ ವಿಭಾಗದ ಒಬ್ಬ ಬಿಳಿ ಅಂಗಿಯವನು, ಬಾಗಿಲ ಬಳಿ ಮರೆಮ್ಮ. ಮೂರು ವಾರದಲ್ಲಿ ಅವಳ ಮುಖ ಕಪ್ಪಿಟ್ಟಿತ್ತು. ತಾಯಿಯ ಜೊತೆ ಬಿಸಿಲಿನಲ್ಲಿ ಕೆಲಸಕ್ಕೆ ಹೋಗಿದ್ದಾಳೆಂದು ನೋಡಿದ ಕೂಡಲೇ ತಿಳಿಯಿತು. ಅಂಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಪಾಟಣಕರ್ ದಾಖಲೆಯ ಹಾಳೆ ಮುಂದೆ ತಳ್ಳಿ, ಸಹಿ ಮಾಡಿ ಮುಗಿಸಿ, ನನಗೆ ಹನ್ನೆರಡಕ್ಕೆ ಪನವೇಲಿಗೆ ಹೋಗಬೇಕು ಎಂದ. ಅಂಬಾರಾಯ ಪೆನ್ನು ಮುಟ್ಟಲಿಲ್ಲ. ಅದನ್ನು ಮಾಡಿದ್ದು ನಾನು ಎಂದ. ಹೇಳಿದ್ದು ಅಷ್ಟೇ ಆಗಬೇಕಿತ್ತು. ಆದರೆ ಎದುರಿನ ಎರಡು ಮುಖಗಳು ಸೆಟೆದುಕೊಂಡದ್ದನ್ನು ನೋಡಿ ಭಯವಾಯಿತೋ ಏನೋ, ಬಾಯಿ ತನ್ನಷ್ಟಕ್ಕೆ ತಾನೇ ಕಟ್ಟೆಯ ದಾರಿ ಹಿಡಿಯಿತು. ಟರ್ಮಿನಲ್ ಕೆಟ್ಟದ್ದು, ಅವಳ ಜಾಗದಲ್ಲಿ ಕೂತದ್ದು, ಕಿರುಬೆರಳಿಗೆ ಬೇರೆ ಪಗಾರ, ಹನ್ನೊಂದು ಸಾವಿರ ಜನರ ಸನ್ಯಾಸ, ಎಲ್ಲ ಹಿಂದಿಯಲ್ಲಿ ಒಂದರ ಹಿಂದೊಂದು ಬಂತು. ಸನ್ಯಾಸದ ಹತ್ತಿರ ಬಿಳಿ ಅಂಗಿಯವನು ಫಕ್ಕನೆ ನಕ್ಕ. ಪಾಟಣಕರ್ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇಷ್ಟು ವರ್ಷದ ಮನುಷ್ಯನಿಗೂ ಹೀಗಾಗುತ್ತದೆ ನೋಡಿ, ಬಿಡಿ, ಡಾಟಾ ವಾಪಸು ಬಂದಿದೆಯಲ್ಲ ಎಂದ. ಮೂರು ಚಹಾ ಹೇಳಿದ. ಭೂತವೂ ಬೇಕಾಗಲಿಲ್ಲ, ಕೆಂಪು ಗೆರೆಯೂ ಬೇಕಾಗಲಿಲ್ಲ. ಅವಳ ಮೇಲೆ ಮೂರು ವಾರ ಕಲ್ಲಿನಂತೆ ಕೂತಿದ್ದ ತಪ್ಪು ಅವನ ಹೆಸರಿಗೆ ಬಂದ ಐದು ನಿಮಿಷದಲ್ಲಿ ಹತ್ತಿಯಾಗಿ ಹಾರಿಹೋಯಿತು. ಮೇರಿ, ಸೋಮವಾರದಿಂದ ಬಾ ಎಂದ ಪಾಟಣಕರ್, ಮುಖ ನೋಡದೆ.

ಮರೆಮ್ಮ ಹೋಗಲಿಲ್ಲ. ಬರೆದು ಕೊಡಿ ಸರ್ ಎಂದಳು, ಹಿಂದಿಯಲ್ಲಿ. ಬರೆಯುವುದೇನಿದೆ, ಬಾ ಎಂದೆನಲ್ಲ ಎಂದ ಪಾಟಣಕರ್. ಅವಳು ಅವನನ್ನು ಬಿಟ್ಟು ಅಂಬಾರಾಯನ ಕಡೆ ತಿರುಗಿದಳು.

"ನೀವಽ ಬರೀರಿ ಸರ. ನಗೀ ಬರಂಗ ಬರೀಬ್ಯಾಡ್ರಿ."

ಅವನು ಹಾಳೆ ಎಳೆದುಕೊಂಡ. ಅನಿರೀಕ್ಷಿತ ಕಾರಣಗಳಿಂದ ಎಂದು ಶುರುಮಾಡಿದ. ಅವಳು ಮೇಜಿನ ಹತ್ತಿರ ಬಂದು ನಿಂತು, ಇಂಗ್ಲಿಷಿನ ಒಂದೊಂದೇ ಶಬ್ದವನ್ನು ಬೆರಳಿಟ್ಟು ಓದಿ, ಅದು ಬ್ಯಾಡ್ರಿ ಎಂದಳು. ಹೊಡೆದುಹಾಕಿದ. ತಾಂತ್ರಿಕ ದೋಷ ಎಂಬುದನ್ನೂ ಹೊಡೆದುಹಾಕಿಸಿದಳು. ಬಿಳಿ ಅಂಗಿಯವನು ಚಹಾ ಹೀರುತ್ತ, ಒಳ್ಳೆ ಟೀಚರಮ್ಮ ಸಿಕ್ಕಳು ಎಂದ. ಈ ಸಲ ಯಾರೂ ನಗಲಿಲ್ಲ. ಮೂರನೆಯ ಹಾಳೆಯಲ್ಲಿ ಮೂರು ಸಾಲು ಉಳಿದವು: ಇಂಥ ದಿನ ಇಷ್ಟು ಹೊತ್ತಿಗೆ ಮರೆಮ್ಮ ಅವರ ಹೆಸರಿನಲ್ಲಿ ತೆರೆದಿದ್ದ ಪರದೆಯಿಂದ ಪಟ್ಟಿಯನ್ನು ಅಳಿಸಿದವನು ನಾನು. ಅವರು ಆಗ ಅಲ್ಲಿ ಇರಲಿಲ್ಲ. ಅವರು ಹೇಳಿದ್ದು ನಿಜ.

ಅವಳು ಓದಿದಳು. "ಮೂರು ವಾರ ಅನ್ನೂದು ಇಲ್ರಿ ಇದರಾಗ" ಎಂದಳು.

ಅವನು ನಾಲ್ಕನೆಯ ಸಾಲು ಬರೆದ. ಇದು ನನಗೆ ಅವತ್ತೇ ಗೊತ್ತಿತ್ತು, ಮೂರು ವಾರ ಬಚ್ಚಿಟ್ಟೆ. ಪಾಟಣಕರ್ ಹಾಳೆಯನ್ನು ತಿರುಗಿಸಿಕೊಂಡು ಓದಿದವನು ಕನ್ನಡಕ ಹಾಕಿಕೊಂಡ. ಅವನ ಮುಖದಲ್ಲಿ ನಗುವಿನ ಕುರುಹೂ ಉಳಿಯಲಿಲ್ಲ. "ಯೇ ಆಖ್ರೀ ಲೈನ್ ಕಾಟ್ ದೋ, ಅಂಬಾರಾಯ" ಎಂದ, ಮೆಲ್ಲಗೆ, ಈ ಕೊನೆಯ ಸಾಲು ಹೊಡೆದುಹಾಕು ಎಂದು. ತಪ್ಪು ಮಾಡಿದ್ದು ಬೇರೆ, ಮುಚ್ಚಿಟ್ಟದ್ದು ಬೇರೆ, ಈ ಸಾಲು ಫೈಲಿಗೆ ಹೋದರೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ, ಸೋಮವಾರ ಹೆಡ್ ಆಫೀಸು ನಿನ್ನ ಕೆಲಸವನ್ನೇ ತೆಗೆಯುತ್ತದೆ ಎಂದ. ಬಿಳಿ ಅಂಗಿಯವನು ಕಪ್ಪು ಕೆಳಗಿಟ್ಟ. ನಲವತ್ತಾರು ವರ್ಷ, ಡೊಂಬಿವಲಿಯ ಎರಡು ಕೋಣೆ, ಐದಕ್ಕೆ ಏಳುವ ನಾಗವೇಣಿ, ಇವೆಲ್ಲ ಅಂಬಾರಾಯನ ಕಣ್ಣ ಮುಂದೆ ಬಂದವು ಎಂದರೆ ಸುಳ್ಳು. ಅವನಿಗೆ ಅನ್ನಿಸಿದ್ದು ದಣಿವು ಮಾತ್ರ. ಹೊಡೆದುಹಾಕಲು ಕೈ ಎತ್ತುವುದೂ ಒಂದು ಕೆಲಸ. ಸಹಿ ಹಾಕಿದ, ತಾರೀಕು ಹಾಕಿದ, ಒಂದು ಪ್ರತಿ ಅವಳಿಗೆ ಕೊಟ್ಟ.

ಕೆಳಗೆ ಬಸ್ ಸ್ಟಾಪಿನಲ್ಲಿ ಅವಳ ಹಿಂದೆಯೇ ಹೋಗಿ ನಿಂತ. ಏನು ಕೇಳಬೇಕೆಂದು ಇಳಿದು ಬಂದನೋ ಅವನಿಗೇ ತಿಳಿಯದು. ಕ್ಷಮೆ ಎಂಬ ಮಾತು ನಾಲಿಗೆಯ ಮೇಲೆ ಬಂದು, ಅದೂ ಹೊಡೆದುಹಾಕಬೇಕಾದ ಶಬ್ದದಂತೆ ಕಂಡು ನುಂಗಿದ. ಅವಳು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಊಟದ ಡಬ್ಬಿಯ ಕೆಳಗಿಟ್ಟಳು. ರಸ್ತೆಯ ಧೂಳಿನಲ್ಲಿ ಕಣ್ಣು ಕಿರಿದು ಮಾಡಿ ಬಸ್ಸಿನ ನಂಬರು ನೋಡುತ್ತಿದ್ದಳು. ಸೋಮವಾರ ಬರ್ತೀಯೇನವ್ವ ಎಂದು ಕೇಳಿದ.

"ನೀವು ಇದ್ರ ಬರೂದಿಲ್ರಿ ಸರ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬಸ್ಸಿನ ಹೊತ್ತು ಹೇಳುವಂತೆ ಹೇಳಿದಳು. "ನಾ ನಿಮ್ಮ ಮಾರಿ ನೋಡ್ಕೋತ ಆ ಕುರ್ಚಿ ಮ್ಯಾಲ ಕುಂದ್ರಾಕ ಆಗೂದಿಲ್ಲ. ನೀವು ಇರದಿದ್ರ ಬರ್ತೀನಿ."

ಕೋಪರಖೈರಣೆಯ ಬಸ್ಸು ತುಂಬಿಕೊಂಡು ಬಂತು. ನಿಲ್ಲುವಂತೆ ಕಾಣಲಿಲ್ಲ, ಸ್ವಲ್ಪ ಮುಂದೆ ಹೋಗಿ ನಿಂತಿತು. ಅವಳು ಡಬ್ಬಿ ಎದೆಗವಚಿಕೊಂಡು ಓಡಿದಳು. ಅವನೂ ಯಾಕೆಂದು ತಿಳಿಯದೆ ನಾಲ್ಕು ಹೆಜ್ಜೆ ಓಡಿದ. ಅವಳು ಮೆಟ್ಟಿಲು ಹತ್ತಿ ಕಂಬಿ ಹಿಡಿದು ತಿರುಗಿ ನೋಡಿದಾಗ, ಏದುಸಿರು ಬಿಡುತ್ತ, ಜನರೆಲ್ಲ ತಿರುಗಿ ನೋಡುವಂತೆ ಕೂಗಿ ಹೇಳಿದ:

"ಹಂಗಾದ್ರ ಬಾ."